ಮರವೂ ಇಳಿಯಬೇಕು, ಲಾನೂ ಉಳಿಯಬೇಕು: ಕಟ್ಟುನಿಟ್ಟಿನ ಗಿರಾಕಿಗಳ ಮನೆಯಲ್ಲಿ ಮರದ ಕೆಲಸ ಮಾಡುವುದು ಹೇಗೆ?

ಮರ ಇಳಿಸುವುದು ಗೊತ್ತಿರುವವರು ತುಮಕೂರು ಸುತ್ತ ಬೇಕಾದಷ್ಟು ಜನ ಇದ್ದಾರೆ. ತೆಂಗಿನ ಮರ ಹತ್ತಿ, ಗರಿ ಕಿತ್ತು, ತುದಿಯಿಂದ ತುಂಡು ತುಂಡಾಗಿ ಕೊಯ್ದುಕೊಂಡು ಬರುವ ಹುಡುಗರು ಗುಬ್ಬಿ, ತಿಪಟೂರು ಕಡೆ ಊರೂರಿಗೆ ಸಿಗುತ್ತಾರೆ. ಆದರೆ ಅದೇ ಮರ ತುಮಕೂರಿನ ಎಸ್‌ಎಸ್ ಪುರಂ ಬಡಾವಣೆಯ ಒಂದು ಮನೆಯ ಲಾನ್ ಮಧ್ಯೆ ಇದ್ದು, ಮನೆಯವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರೆ ಆಗ ಕೆಲಸವೇ ಬೇರೆ. ತೋಟದಲ್ಲಿ ದಿಮ್ಮಿ ಎಲ್ಲಿ ಬಿದ್ದರೂ ಯಾರೂ ಕೇಳಲ್ಲ. ಇಲ್ಲಿ ಒಂದು ದಿಮ್ಮಿ ತಪ್ಪಿ ಬಿದ್ದರೆ ಕೂಲಿಯಲ್ಲಿ ಕಡಿತ ಆಗುತ್ತದೆ, ಜತೆಗೆ ಆ ಬೀದಿಯ ಮುಂದಿನ ಕೆಲಸವೂ ಕೈತಪ್ಪುತ್ತದೆ.

ಮರದ ಕೆಲಸ ಹಿಡಿಯುವ ಮೇಸ್ತ್ರಿಗಳಿಗೆ, ಈಗಷ್ಟೇ ಸ್ವಂತ ಮರ ಕೊಯ್ಯುವ ಮೆಷಿನ್ ತಗೊಂಡು ತಂಡ ಕಟ್ಟುತ್ತಿರುವ ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ. ಮನೆ ಮುಂದೆ ಲಾನ್ ಇರುವವರು ಓದಿದರೂ ಒಳ್ಳೆಯದೇ, ಕೆಲಸದವರನ್ನು ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ತುಂಬಾ ಪ್ರಶ್ನೆ ಕೇಳುವ ಗಿರಾಕಿಯನ್ನು ಕಂಡರೆ ನಮ್ಮವರಿಗೆ ಆಗಲ್ಲ. ನನಗೆ ಅಂಥವರೇ ಇಷ್ಟ. ಅವರಿಗೆ ಏನು ಬೇಕು, ಏನು ಹಾಳಾಗಬಾರದು ಅಂತ ಸ್ಪಷ್ಟವಾಗಿ ಗೊತ್ತಿರುತ್ತದೆ. ಬಾಯಿ ಬಿಟ್ಟು ಹೇಳುತ್ತಾರೆ ಕೂಡ. ಕಷ್ಟ ಕೊಡುವುದು "ನೀವೇ ನೋಡಿ ಮಾಡ್ರಪ್ಪ" ಅಂತ ಒಳಗೆ ಹೋಗಿ, ಸಂಜೆ ಹೊರಗೆ ಬಂದು ಲಾನ್ ನೋಡಿ ಕೂಗಾಡುವವರು. ಇಬ್ಬರಿಗೂ ಮದ್ದು ಒಂದೇ: ಲಾನ್‌ಗೆ ಏನೇನಾಗಬಹುದು ಅನ್ನುವುದನ್ನು ಗರಗಸ ಮುಟ್ಟುವ ಮೊದಲೇ ನೀವೇ ಹೇಳಬೇಕು. ಕೆಲಸ ಶುರುವಾಗುವ ಮುಂಚೆ ಹೇಳಿದ್ದನ್ನು ಜನ ಎಚ್ಚರಿಕೆ ಅಂತ ತಗೋತಾರೆ. ಮುಗಿದ ಮೇಲೆ ಹೇಳಿದರೆ ಅದೇ ಮಾತು ಸಬೂಬು ಆಗುತ್ತದೆ.

1. ಫೋನಲ್ಲಿ ರೇಟ್ ಹೇಳಬೇಡಿ

"ಒಂದು ತೆಂಗಿನ ಮರ ತೆಗೆಯೋಕೆ ಎಷ್ಟಾಗುತ್ತೆ?" ಅಂತ ಫೋನ್ ಬರುತ್ತದೆ. ಬಾಯಿಗೆ ಬಂದ ರೇಟ್ ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಹೋಗಿ ನೋಡಿದರೆ ಮರದ ಬುಡದಲ್ಲಿ ಲಾನ್, ಪಕ್ಕದಲ್ಲಿ ಸಂಪ್, ಮೇಲೆ ವಿದ್ಯುತ್ ತಂತಿ. ಆಗ ರೇಟ್ ಏರಿಸಿದರೆ ಮೋಸಗಾರ, ಏರಿಸದಿದ್ದರೆ ನಷ್ಟ. "ಬಂದು ನೋಡಿ ಹೇಳ್ತೀನಿ ಸಾರ್, ನೋಡೋಕೆ ದುಡ್ಡಿಲ್ಲ" ಅನ್ನಿ ಸಾಕು. ಫೋನಲ್ಲೇ ಮೂರು ವಿಷಯ ಕೇಳಿಕೊಳ್ಳಿ: ಮರ ಯಾವುದು, ಕೆಳಗೆ ಏನಿದೆ, ತೀರ್ಮಾನ ತಗೊಳ್ಳುವವರು ಯಾರು. ಮೂರನೆಯದು ಮುಖ್ಯ. ಮನೆಯಲ್ಲಿ ಯಜಮಾನರು ಒಂದು ಹೇಳುತ್ತಾರೆ, ಅಮ್ಮಾವ್ರು ಇನ್ನೊಂದು ಹೇಳುತ್ತಾರೆ, ಬೆಂಗಳೂರಲ್ಲಿರುವ ಮಗ ವಿಡಿಯೋ ಕಾಲ್‌ನಲ್ಲಿ ಮತ್ತೊಂದು ಹೇಳುತ್ತಾನೆ. ನೋಡೋಕೆ ಹೋಗುವ ದಿನ ಈ ಮೂವರಲ್ಲಿ ಕೊನೇ ಮಾತು ಯಾರದೋ ಅವರು ಇರಲೇಬೇಕು, ಇಲ್ಲದಿದ್ದರೆ ವಿಡಿಯೋ ಕಾಲ್‌ನಲ್ಲಾದರೂ ಸಿಗಬೇಕು.

2. ಮನೆಯವರ ಜತೆ ಜಾಗ ಪೂರ್ತಿ ಸುತ್ತಿ ಬನ್ನಿ

ಗೇಟಿನಿಂದ ಮರದ ಬುಡದವರೆಗೆ, ಬುಡದಿಂದ ಗಾಡಿ ನಿಲ್ಲುವ ಜಾಗದವರೆಗೆ ಮನೆಯವರ ಜತೆಯಲ್ಲೇ ನಡೆಯಿರಿ. ಅವರನ್ನು ಮಾತಾಡಲು ಬಿಡಿ. "ಹೋದ ಸಲ ಬಂದವರು ಪೈಪ್ ಒಡೆದು ಹೋದರು" ಅನ್ನುವಂಥ ಮಾತು ಇಲ್ಲೇ ಬರುವುದು. ಅದರಿಂದ ಅವರ ಹೆದರಿಕೆ ಎಲ್ಲಿದೆ ಅಂತ ಗೊತ್ತಾಗುತ್ತದೆ.

ನೆಲದ ಕೆಳಗೆ ಏನೇನಿದೆ ಅಂತ ಒಂದೊಂದಾಗಿ ಕೇಳಿ. ನಮ್ಮೂರಲ್ಲಿ ಎಷ್ಟೋ ಮನೆಗಳಲ್ಲಿ ಸಂಪಿನ ಚಪ್ಪಡಿ ಮೇಲೇ ಮಣ್ಣು ಹಾಕಿ ಹುಲ್ಲು ಬೆಳೆಸಿರುತ್ತಾರೆ. ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ. ಅದರ ಮೇಲೆ ದಿಮ್ಮಿ ಬಿದ್ದರೆ ಹುಲ್ಲಿನ ಜತೆ ಚಪ್ಪಡಿಯೂ ಹೋಗುತ್ತದೆ, ಕೆಳಗೆ ಮನುಷ್ಯ ಇದ್ದರೆ ಇನ್ನೂ ದೊಡ್ಡ ಅನಾಹುತ. ಸೆಪ್ಟಿಕ್ ಗುಂಡಿ, ಯುಜಿಡಿ (ಒಳಚರಂಡಿ) ಚೇಂಬರ್, ಬೋರ್‌ವೆಲ್ ಕೇಬಲ್, ಸ್ಪ್ರಿಂಕ್ಲರ್ ಪೈಪ್, ಗಾರ್ಡನ್ ಲೈಟಿನ ವೈರ್ ಎಲ್ಲವನ್ನೂ ಕೇಳಿ ಕಡ್ಡಿ ನೆಟ್ಟು ಗುರುತು ಮಾಡಿಕೊಳ್ಳಿ. ಸ್ಪ್ರಿಂಕ್ಲರ್ ತಲೆಗಳ ಮೇಲೆ ಬಕೆಟ್ ಬೋರಲು ಹಾಕಿದರೆ ಹುಡುಗರಿಗೆ ದೂರದಿಂದಲೇ ಕಾಣುತ್ತದೆ.

ಹುಲ್ಲು ಯಾವುದು ಅಂತ ನೋಡಿ. ಇದು ಅಂದಾಜಿಗೆ ಬಹಳ ಮುಖ್ಯ. ಗರಿಕೆ ಜಾತಿಯ ಬರ್ಮುಡಾ ಹುಲ್ಲು ನೆಲದ ಮೇಲೂ ಕೆಳಗೂ ಬಳ್ಳಿ ಓಡಿಸುತ್ತದೆ, ಪೆಟ್ಟು ಬಿದ್ದರೂ ಬೇಗ ಚೇತರಿಸಿಕೊಳ್ಳುತ್ತದೆ. ಮೆಕ್ಸಿಕನ್, ಕೊರಿಯನ್ ಅಂತ ನರ್ಸರಿಯವರು ಮಾರುವ ಸಣ್ಣ ಎಲೆಯ ದಟ್ಟ ಹುಲ್ಲು ನೋಡೋಕೆ ಚೆಂದ, ಆದರೆ ಬೆಳೆಯುವುದು ನಿಧಾನ. ಕಿತ್ತುಹೋದ ಜಾಗ ತುಂಬಲು ತಿಂಗಳುಗಳೇ ಬೇಕು. ಅಗಲ ಎಲೆಯ ಬಫೆಲೋ ಹುಲ್ಲನ್ನು ನೆರಳಿರುವ ಕಡೆ ಹಾಕಿರುತ್ತಾರೆ. ಇಲ್ಲಿ ಒಂದು ವಿಷಯವನ್ನು ಗಿರಾಕಿಗೆ ಹೇಳಲೇಬೇಕು. ನೆರಳು ಕೊಡುತ್ತಿದ್ದ ಮರವನ್ನೇ ತೆಗೆದರೆ ಆ ಹುಲ್ಲಿಗೆ ಒಮ್ಮೆಗೇ ಬಿಸಿಲು ಬೀಳುತ್ತದೆ, ಕೆಲವು ವಾರ ಹಳದಿ ತಿರುಗಬಹುದು, ನೀರು ಜಾಸ್ತಿ ಬೇಕಾಗುತ್ತದೆ. ಇದು ನಮ್ಮ ಹುಡುಗರು ತುಳಿದದ್ದರಿಂದ ಆಗುವುದಲ್ಲ. ಮೊದಲೇ ಹೇಳದಿದ್ದರೆ ಆ ಹಳದಿಯೆಲ್ಲ ನಿಮ್ಮ ತಲೆಗೇ ಬರುತ್ತದೆ.

ಮಣ್ಣಿನ ಹದ ನೋಡಲು ಒಂದು ಸ್ಕ್ರೂಡ್ರೈವರ್ ಸಾಕು. ಬೆರಳ ಬಲಕ್ಕೇ ಸರಾಗವಾಗಿ ಇಳಿದರೆ ನೆಲ ಮೆತ್ತಗಿದೆ, ಅಂಥ ನೆಲದಲ್ಲಿ ಕಾಲಿಟ್ಟರೂ ಅಚ್ಚು ಮೂಡುತ್ತದೆ. ಒತ್ತಿ ಇಳಿಸಬೇಕಾಯಿತು ಅಂದರೆ ಕೆಲಸಕ್ಕೆ ಸರಿ.

ಆಮೇಲೆ ತಲೆ ಎತ್ತಿ ನೋಡಿ. ತಂತಿ ಕೊಂಬೆಗೆ ಹತ್ತಿರ ಇದ್ದರೆ ಬೆಸ್ಕಾಂನವರು ಲೈನ್ ಆಫ್ ಮಾಡಿಕೊಡದೆ ಕೈ ಹಾಕಬಾರದು. ಸಹಾಯವಾಣಿ 1912. ಗಿರಾಕಿ ಎಷ್ಟೇ ಅವಸರ ಮಾಡಲಿ, ಇದರಲ್ಲಿ ರಾಜಿ ಬೇಡ. ಹೆಜ್ಜೇನು ಕಟ್ಟಿದೆಯಾ ನೋಡಿ, ಮೆಷಿನ್ ಸದ್ದಿಗೆ ಅದು ಎದ್ದರೆ ಇಡೀ ಬೀದಿಗೇ ತೊಂದರೆ. ಹಕ್ಕಿ ಗೂಡಲ್ಲಿ ಮರಿ ಇದ್ದರೆ ಕೆಲವು ವಾರ ತಡೆಯೋಣ ಅಂತ ಕೇಳಿ ನೋಡಿ, ಬಹಳಷ್ಟು ಮನೆಯವರು ಒಪ್ಪುತ್ತಾರೆ.

ಅನುಮತಿ ವಿಷಯಕ್ಕೆ ಬರೋಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ಟ್ರೀ ಆಫೀಸರ್ ಅನುಮತಿ ಬೇಕು. ಮರ ಅವರದೇ ಕಾಂಪೌಂಡ್ ಒಳಗಿದ್ದರೂ ಅಷ್ಟೇ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಉಳಿದದ್ದಕ್ಕೆ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಅರ್ಜಿ ಮನೆಯವರ ಹೆಸರಲ್ಲೇ ಹೋಗಲಿ. "ಏನಾಗಲ್ಲ ಬಿಡಿ, ಭಾನುವಾರ ಬೆಳಗ್ಗೆ ಬೇಗ ಮುಗಿಸಿಬಿಡಿ" ಅನ್ನುವ ಮನೆಗೆ ನಾನು ಹೋಗುವುದಿಲ್ಲ. ಸಿಕ್ಕಿಬಿದ್ದರೆ ಮೆಷಿನ್, ಗಾಡಿ ಜಪ್ತಿ ಆಗುವುದು ನಮ್ಮದು, ಅವರದಲ್ಲ.

ಕೊನೆಗೆ ಇಡೀ ಲಾನ್, ಕಾಂಪೌಂಡ್, ಗೇಟ್, ಟೈಲ್ಸ್ ಎಲ್ಲದರ ವಿಡಿಯೋ ಮಾಡಿಕೊಳ್ಳಿ. ಕದ್ದು ಮಾಡಬೇಡಿ. "ಮೊದಲು ಹೇಗಿತ್ತು ಅಂತ ಇಬ್ಬರ ಹತ್ರಾನೂ ಇರಲಿ ಮೇಡಂ" ಅಂತ ಹೇಳಿಯೇ ಮಾಡಿ, ಅಲ್ಲೇ ನಿಂತು ಅವರ ವಾಟ್ಸಾಪ್‌ಗೆ ಕಳಿಸಿ. ಹಳೇ ಬಿರುಕು, ಮೊದಲೇ ಒಣಗಿದ ತೇಪೆ ಕಂಡರೆ ಬೆರಳು ಮಾಡಿ ತೋರಿಸಿ.

3. ಮಾತಾಡಿದ್ದನ್ನು ಬರೆದು ಕಳಿಸಿ

ದೊಡ್ಡ ಕರಾರು ಪತ್ರ ಬೇಕಿಲ್ಲ. ಒಂದು ವಾಟ್ಸಾಪ್ ಸಂದೇಶ ಸಾಕು. ನಾನು ಹೀಗೆ ಬರೆಯುತ್ತೇನೆ:

"ಸಾರ್, ನಿನ್ನೆ ಮಾತಾಡಿದ ಕೆಲಸ ಇದು. ಗೇಟ್ ಪಕ್ಕದ ತೆಂಗಿನ ಮರ ಪೂರ್ತಿ ತೆಗೆಯುವುದು, ಬುಡ ನೆಲಮಟ್ಟದಿಂದ ಅರ್ಧ ಅಡಿ ಉಳಿಯುತ್ತದೆ. ಮಾವಿನ ಮರದಲ್ಲಿ ಟೆರೇಸ್ ಮೇಲೆ ಬಂದಿರುವ ಎರಡು ಕೊಂಬೆ ಮಾತ್ರ. ಸೌದೆ ನಿಮಗೆ, ಸೊಪ್ಪು ಮತ್ತು ಗರಿ ನಾವು ಸಾಗಿಸುತ್ತೇವೆ. ಲಾನ್ ಮೇಲೆ ಹಲಗೆ ಹಾಕಿ ಕೆಲಸ ಮಾಡುತ್ತೇವೆ. ಹಲಗೆ ಇದ್ದ ಕಡೆ ಹುಲ್ಲು ಮಲಗುತ್ತದೆ, ಒಂದು ವಾರದಿಂದ ಹತ್ತು ದಿನದಲ್ಲಿ ಏಳುತ್ತದೆ. ಮರದ ಬುಡದ ಸುತ್ತ ಸುಮಾರು 6 ಅಡಿ ಜಾಗದಲ್ಲಿ ಹುಲ್ಲು ಹಾಳಾಗುತ್ತದೆ, ಅದನ್ನು ಮಣ್ಣು ಹಾಕಿ ಸರಿ ಮಾಡಿಕೊಡುತ್ತೇವೆ. ಇದರ ಹೊರಗೆ ಗುಂಡಿ ಬಿದ್ದರೆ ನಮ್ಮ ಖರ್ಚಲ್ಲಿ ಸರಿ ಮಾಡುತ್ತೇವೆ. ಹಿಂದಿನ ಎರಡು ದಿನ ಲಾನ್‌ಗೆ ನೀರು ಬಿಡಬೇಡಿ. ಮಳೆ ಬಂದರೆ ದಿನ ಮುಂದಕ್ಕೆ ಹಾಕುತ್ತೇವೆ. ಒಪ್ಪಿಗೆ ಇದ್ದರೆ ಸರಿ ಅಂತ ಕಳಿಸಿ."

ಕೆಳಗೆ ಮೊತ್ತ, ಮುಂಗಡ, ಬಾಕಿ ಯಾವಾಗ ಅಂತ ಹಾಕಿ. "ಸರಿ" ಅಂತ ಉತ್ತರ ಬರುವವರೆಗೆ ಹುಡುಗರಿಗೆ ದಿನ ಹೇಳಬೇಡಿ.

ಇದರಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವುದು "ಇಷ್ಟು ಜಾಗದಲ್ಲಿ ಹುಲ್ಲು ಹಾಳಾಗುತ್ತದೆ" ಅನ್ನುವ ಸಾಲು. ಏನೂ ಆಗಲ್ಲ ಸಾರ್ ಅಂತ ಭರವಸೆ ಕೊಟ್ಟು ಕೆಲಸ ಹಿಡಿಯುವವರು ತುಂಬಾ ಜನ ಇದ್ದಾರೆ. ನಾವು ನಿಜ ಹೇಳಿದ್ದಕ್ಕೆ ಕೆಲವರು ಕೆಲಸ ಕೊಡದೆ ಹೋಗಬಹುದು. ಹೋಗಲಿ. ಉಳಿದವರು ಕೊನೇ ದಿನ ಜಗಳಕ್ಕೆ ನಿಲ್ಲಲ್ಲ.

ಬುಡದ ಬಗ್ಗೆಯೂ ಒಂದು ಮಾತು ಸೇರಿಸಿ. ಬುಡ ಮಣ್ಣಲ್ಲೇ ಬಿಟ್ಟರೆ ವರ್ಷಗಳು ಹೋದಂತೆ ಬೇರು ಕೊಳೆತು ಅಲ್ಲಿ ನೆಲ ಕುಸಿಯುತ್ತದೆ, ಮಳೆಗಾಲದಲ್ಲಿ ಅಣಬೆ ಏಳುತ್ತದೆ. ಬುಡ ಕೀಳಲು ಜೆಸಿಬಿ ತನ್ನಿ ಅಂದರೆ, ಏಳೆಂಟು ಟನ್ ತೂಕದ ಗಾಡಿ ಲಾನ್ ಮೇಲೆ ಓಡಾಡಿದರೆ ಲಾನ್ ಹೊಸದಾಗೇ ಹಾಕಿಸಬೇಕಾಗುತ್ತದೆ ಅಂತ ಹೇಳಿ. ಕೈಯಲ್ಲಿ ಅಗೆದು ಬೇರು ಕಡಿದು ತೆಗೆಯುವುದು ನಿಧಾನ, ಕೂಲಿಯೂ ಜಾಸ್ತಿ, ಆದರೆ ಹುಲ್ಲು ಉಳಿಯುತ್ತದೆ. ಆಯ್ಕೆ ಅವರದು.

4. ದಿನ ಗೊತ್ತು ಮಾಡುವುದು

ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಏಪ್ರಿಲ್, ಮೇನಲ್ಲಿ ಗಾಳಿ ಸಮೇತ ಬರುವ ಮಳೆಗೆ ಕೊಂಬೆ ಮುರಿದು ಎಲ್ಲರೂ ಒಟ್ಟಿಗೇ ಫೋನ್ ಮಾಡುತ್ತಾರೆ. ಅವಸರ ಇಲ್ಲದ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯದು, ನೆಲ ಗಟ್ಟಿ ಇರುತ್ತದೆ. ಹಿಂದಿನ ಎರಡು ಮೂರು ದಿನ ನೀರು ನಿಲ್ಲಿಸಿದ್ದಾರಾ ಅಂತ ಹಿಂದಿನ ಸಂಜೆ ಫೋನ್ ಮಾಡಿ ಕೇಳಿ. ಮಾಲಿಗೆ ಹೇಳುವುದು ಮರೆತಿರುತ್ತಾರೆ.

ಅಮಾವಾಸ್ಯೆ, ಶುಕ್ರವಾರ ಮರಕ್ಕೆ ಕೊಡಲಿ ಹಾಕಬಾರದು ಅನ್ನುವ ಮನೆಗಳಿವೆ. ಕೇಳಿಕೊಳ್ಳಿ. ಮೊದಲು ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ ಅಂದರೆ ಮೆಷಿನ್ ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು ನೀವೂ ನಿಂತುಕೊಳ್ಳಿ. ಅವರ ಅಪ್ಪ ನೆಟ್ಟ ಮರ ಆಗಿರಬಹುದು.

5. ನೆಲ ಸಜ್ಜು ಮಾಡುವುದು

ಇದಕ್ಕೆ ಬೆಳಗಿನ ಮೊದಲ ಒಂದು ಗಂಟೆ ಪೂರ್ತಿ ಕೊಡಿ. ಹುಡುಗರು ಮರ ಹತ್ತಲು ಅವಸರ ಮಾಡುತ್ತಾರೆ, ಬಿಡಬೇಡಿ.

ದಾರಿ ಒಂದೇ ಇರಲಿ. ಮರದಿಂದ ಗಾಡಿಯವರೆಗೆ ಒಂದು ದಾರಿ ಗೊತ್ತು ಮಾಡಿ ಅದರ ಮೇಲೆ ಮಾತ್ರ ಹಲಗೆ ಹಾಸಿ, ಉಳಿದ ಲಾನ್ ಸುತ್ತ ಹಗ್ಗ ಕಟ್ಟಿಬಿಡಿ. ಎಲ್ಲರೂ ಎಲ್ಲ ಕಡೆ ಓಡಾಡಿದರೆ ಇಡೀ ಲಾನ್ ಗಟ್ಟಿಯಾಗುತ್ತದೆ, ಒಂದೇ ದಾರಿಯಾದರೆ ಆ ಪಟ್ಟಿಯನ್ನಷ್ಟೇ ಸರಿಪಡಿಸಿದರೆ ಸಾಕು. ಹಗ್ಗ ಕಟ್ಟಿದ್ದನ್ನು ನೋಡಿದ ಕೂಡಲೇ ಮನೆಯವರಿಗೆ ಅರ್ಧ ಸಮಾಧಾನ ಆಗುತ್ತದೆ, ಇದು ನನಗೆ ಮತ್ತೆ ಮತ್ತೆ ಕಂಡಿರುವ ವಿಷಯ.

ಹಲಗೆಗೆ ದುಡ್ಡು ಸುರಿಯಬೇಕಿಲ್ಲ. ಮನೆ ಕಟ್ಟುವ ಕಂಟ್ರಾಕ್ಟರ್‌ಗಳ ಹತ್ತಿರ ಸೆಂಟ್ರಿಂಗ್ ಪ್ಲೈ (ಕಾಂಕ್ರೀಟ್ ಹಾಕುವಾಗ ಕೆಳಗೆ ಕಟ್ಟುವ ಹಲಗೆ) ಬಾಡಿಗೆಗೆ ಸಿಗುತ್ತದೆ. 8 ಅಡಿಗೆ 4 ಅಡಿ ಹಾಳೆ, 12 ಎಂಎಂ ಆದರೆ ಓಡಾಟಕ್ಕೆ ಸಾಕು, ಕೈಗಾಡಿಯಲ್ಲಿ ದಿಮ್ಮಿ ಸಾಗಿಸಬೇಕಾದರೆ 18 ಎಂಎಂ ತಗೊಳ್ಳಿ. ಕಬ್ಬಿಣದ ಶೀಟ್ ಬೇಡ, ಬಿಸಿಲಿಗೆ ಕಾದು ಕೆಳಗಿನ ಹುಲ್ಲನ್ನು ಬೇಯಿಸಿಬಿಡುತ್ತದೆ. ಹಾಳೆಗಳ ಅಂಚು ಮೂರು ನಾಲ್ಕು ಇಂಚು ಒಂದರ ಮೇಲೊಂದು ಬರಲಿ, ಇಲ್ಲದಿದ್ದರೆ ಸಂದಿನಲ್ಲಿ ಚಕ್ರ ಇಳಿದು ಗೆರೆ ಬೀಳುತ್ತದೆ. ಚೂಪಾದ ಮೊಳೆ ಎದ್ದಿದೆಯಾ ನೋಡಿ ಬಡಿದುಬಿಡಿ.

ಮರದ ಹಲಗೆಯನ್ನೂ ಇಡೀ ದಿನ ಬಿಸಿಲಲ್ಲಿ ಬಿಡಬಾರದು. ಬೇಸಿಗೆಯಲ್ಲಿ ಹಾಸಿ ಎರಡು ತಾಸು ಆದ ಮೇಲೆ ಕೆಳಗಿನ ಹುಲ್ಲು ಬಾಡಲು ಶುರುವಾಗುತ್ತದೆ. ಟೀಗೆ, ಊಟಕ್ಕೆ ನಿಲ್ಲಿಸುವಾಗ ಹಾಳೆ ಎತ್ತಿ ಗೋಡೆಗೆ ಒರಗಿಸಿ. ಎತ್ತಬೇಕು, ಎಳೆಯಬಾರದು. ಎಳೆದರೆ ಮೆಕ್ಸಿಕನ್ ಹುಲ್ಲು ಚಾಪೆಯಂತೆ ಸುತ್ತಿಕೊಂಡು ಬರುತ್ತದೆ. ಟಾರ್ಪಾಲ್‌ದೂ ಅದೇ ಕಥೆ: ಕಸ ಒಟ್ಟು ಮಾಡಲು ಬೇಕು, ಆದರೆ ತುಂಬಿದ ಕೂಡಲೇ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋಗಬೇಕು. ಸೊಪ್ಪು ತುಂಬಿದ ಟಾರ್ಪಾಲ್ ರಾತ್ರಿಯೆಲ್ಲ ಲಾನ್ ಮೇಲೆ ಬಿಟ್ಟರೆ ಕೆಳಗೆ ಬಿಸಿ ಹಿಡಿದು ಹಳದಿ ಚೌಕ ಉಳಿಯುತ್ತದೆ.

ಇನ್ನು ದಿಮ್ಮಿ ಬೀಳುವ ಜಾಗ. ಒಂದು ಅಡಿ ದಪ್ಪ, ಒಂದು ಮೀಟರ್ ಉದ್ದದ ಹಸಿ ದಿಮ್ಮಿ ಹೆಚ್ಚುಕಡಿಮೆ 65ರಿಂದ 70 ಕೆ.ಜಿ. ತೂಗುತ್ತದೆ. ಅದು ಮೇಲಿಂದ ಬಿದ್ದರೆ ಬರೀ ಪ್ಲೈ ತಡೆಯಲ್ಲ, ಒಡೆದುಹೋಗುತ್ತದೆ. ಕ್ಯಾತ್ಸಂದ್ರ ಕಡೆ ಹೈವೇ ಪಕ್ಕದ ಟೈರ್ ಅಂಗಡಿಗಳಲ್ಲಿ ಹಳೇ ಟೈರ್ ಕೇಳಿ, ಕಡಿಮೆಗೆ ಕೊಡುತ್ತಾರೆ. ಕೆಳಗೆ ಪ್ಲೈ, ಅದರ ಮೇಲೆ ಟೈರ್ ಮಲಗಿಸಿ, ಮೇಲೆ ತೆಂಗಿನಕಾಯಿ ಸುಲಿದ ಮಟ್ಟೆ ತುಂಬಿದ ಗೋಣಿಚೀಲ ಜೋಡಿಸಿ. ಮಟ್ಟೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮೊದಲು ಇಳಿಸುವ ಸೊಪ್ಪಿನ ಕೊಂಬೆಗಳನ್ನು ಸಾಗಿಸದೆ ಇದರ ಮೇಲೇ ಹರಡಿದರೆ ಇನ್ನೂ ಮೆತ್ತಗಾಗುತ್ತದೆ. ದಿಮ್ಮಿ ಬೀಳಲು ಮಾಡಿದ ಈ ಹಾಸಿಗೆ ಸಂಪಿನ ಮೇಲೆ, ಪೈಪಿನ ಮೇಲೆ ಬರಕೂಡದು.

6. ಇಳಿಸುವಾಗ

ಬೀಳಿಸುವ ಬದಲು ಹಗ್ಗದಲ್ಲಿ ಇಳಿಸಿದಷ್ಟೂ ಲಾನ್‌ಗೆ ಒಳ್ಳೆಯದು. ಕೊಂಬೆಗಿಂತ ಮೇಲಿರುವ ಗಟ್ಟಿ ಕವಲಿನಿಂದ ಹಗ್ಗ ಹಾಯಿಸಿ, ಕೆಳಗೆ ಬುಡಕ್ಕೆ ಎರಡು ಮೂರು ಸುತ್ತು ಹಾಕಿ ಹಿಡಿದರೆ ಒಬ್ಬನೇ ಭಾರದ ಕೊಂಬೆಯನ್ನು ನಿಧಾನಕ್ಕೆ ಬಿಡಬಹುದು. ಕೈಗೆ ಹಗ್ಗ ಸುತ್ತಿಕೊಳ್ಳಬಾರದು, ಇದನ್ನು ಪ್ರತಿ ದಿನವೂ ಹೇಳಿ. ನಾರಿನ ಹಗ್ಗ ನಂಬಬೇಡಿ. ಪ್ಲಾಸ್ಟಿಕ್ ಹಗ್ಗ ತಿಕ್ಕಾಟದ ಬಿಸಿಗೆ ಕರಗುತ್ತದೆ. ಒಳ್ಳೆ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ ಬೇಕು. ಉಳಿಸಿಕೊಳ್ಳುವ ಮರವಾದರೆ ತೊಗಟೆಗೆ ಗೋಣಿ ಸುತ್ತಿ. ಕೊಂಬೆಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ಕೆಳಗಿನವನು ಹಿಡಿದರೆ ಅದು ತೂಗಾಡದೆ ಹಾಸಿಗೆ ಮೇಲೇ ಬರುತ್ತದೆ.

ತೆಂಗಿನ ಮರಕ್ಕೆ ಮೇಲೆ ಕವಲೇ ಇಲ್ಲವಲ್ಲ. ಮೊದಲು ಕಾಯಿ ಗೊನೆ, ಆಮೇಲೆ ಗರಿ ಇಳಿಸಿ. ಗರಿಯ ಬುಡ ಭಾರ, ಅದು ಕೆಳಮುಖವಾಗಿ ಬಂದು ಹುಲ್ಲಿಗೆ ಚುಚ್ಚುತ್ತದೆ, ಹಾಗಾಗಿ ಅದನ್ನೂ ಹಾಸಿಗೆ ಮೇಲೇ ಬೀಳಿಸಿ. ಕಾಂಡವನ್ನು ಒಂದೂವರೆ ಎರಡು ಅಡಿ ತುಂಡಿಗಿಂತ ದೊಡ್ಡದು ಮಾಡಬೇಡಿ. ಮರ ರಸ್ತೆಗೆ ಹತ್ತಿರ ಇದ್ದರೆ ಹೈಡ್ರಾ ಕ್ರೇನ್ ತರಿಸುವ ಲೆಕ್ಕವನ್ನೂ ಗಿರಾಕಿ ಮುಂದಿಡಿ. ಬಾಡಿಗೆ ಜಾಸ್ತಿ, ಆದರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತದೆ, ತುಂಡು ಲಾನ್ ಮುಟ್ಟದೆ ಆಚೆ ಹೋಗುತ್ತದೆ.

ಕೊಂಬೆ ಎಳೆಯಲೇಬೇಕಾದರೆ ದಪ್ಪ ತುದಿ ಹಿಡಿದು ಎಳೆಯಿರಿ, ಆಗ ರೆಂಬೆಗಳು ಹಿಂದಕ್ಕೆ ಮಡಚಿಕೊಂಡು ಜಾರುತ್ತವೆ. ಸಣ್ಣ ತುದಿ ಹಿಡಿದರೆ ಒಂದೊಂದು ಕವಲೂ ಹುಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಮೆಷಿನ್‌ಗೆ ಪೆಟ್ರೋಲ್, ಚೈನ್ ಆಯಿಲ್ ಹಾಕುವುದು ರಸ್ತೆಯಲ್ಲಿ, ಇಲ್ಲವೇ ತಟ್ಟೆ ಇಟ್ಟು ಸಿಮೆಂಟ್ ನೆಲದಲ್ಲಿ. ಲಾನ್ ಮೇಲೆ ಯಾವತ್ತೂ ಬೇಡ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಹುಲ್ಲು ಸುಟ್ಟುಹೋಗುತ್ತದೆ, ಮಣ್ಣನ್ನೇ ತೆಗೆದು ಬದಲಾಯಿಸಬೇಕಾಗುತ್ತದೆ.

7. ಕೆಲಸದ ಮಧ್ಯೆ ಗಿರಾಕಿ

ತಂಡದಲ್ಲಿ ಮಾತಾಡುವವನು ಒಬ್ಬನೇ ಇರಲಿ, ಅವನು ನೆಲದ ಮೇಲಿರಲಿ. ಮರದ ಮೇಲಿರುವವನಿಗೆ ಗಿರಾಕಿ ಕೆಳಗಿನಿಂದ ಕೂಗಿ ಹೇಳುವುದು ಅಪಾಯ. ಬೆಳಗ್ಗೆಯೇ ಹೇಳಿಬಿಡಿ: "ಅಮ್ಮಾ, ಏನೇ ಇದ್ರೂ ನನಗೇ ಹೇಳಿ. ಮೇಲಿರೋ ಹುಡುಗನ ಗಮನ ತಪ್ಪಬಾರದು."

ಹತ್ತಿರ ಬಂದು ನಿಲ್ಲುವವರಿಗೆ ರೇಗಬೇಡಿ. ಮೆಷಿನ್ ನಿಲ್ಲಿಸಿಬಿಡಿ. "ಸಾರ್, ನೀವು ವರಾಂಡಕ್ಕೆ ಹೋದ್ರೆ ಶುರು ಮಾಡ್ತೀವಿ" ಅನ್ನಿ. ಮಕ್ಕಳಿದ್ದರೆ ಇದು ಇನ್ನೂ ಕಟ್ಟುನಿಟ್ಟು. ಒಂದು ಕುರ್ಚಿಯನ್ನು ನೀವೇ ಸುರಕ್ಷಿತ ಜಾಗದಲ್ಲಿ ಹಾಕಿಕೊಟ್ಟರೆ ನೋಡಬೇಕು ಅನ್ನುವ ಯಜಮಾನರು ಅಲ್ಲೇ ಕೂರುತ್ತಾರೆ.

"ಹೇಗೂ ಹತ್ತಿದ್ದೀರಲ್ಲ, ಆ ಕೊಂಬೇನೂ ಒಂದು ತೆಗೆದುಬಿಡಿ." ಈ ಮಾತು ಬಾರದ ಮನೆಯೇ ಇಲ್ಲ. ಇಲ್ಲ ಅನ್ನಬೇಡಿ, ಸುಮ್ನೆ ಮಾಡಿಯೂ ಕೊಡಬೇಡಿ. "ಆಗಲಿ ಸಾರ್. ಅದು ಬರೆದುಕೊಂಡಿದ್ದರಲ್ಲಿ ಇಲ್ಲ, ಇಷ್ಟಾಗುತ್ತೆ. ಒಪ್ಪಿಕೊಂಡ ಕೆಲಸ ಮುಗಿಸಿ ಅದಕ್ಕೆ ಕೈ ಹಾಕ್ತೀವಿ" ಅಂತ ಹೇಳಿ, ಅಲ್ಲೇ ಒಂದು ಸಾಲು ವಾಟ್ಸಾಪ್ ಹಾಕಿ. ನಿಜಕ್ಕೂ ಚಿಕ್ಕ ರೆಂಬೆ, ನಿಮ್ಮ ಕೈಗೆ ಎಟುಕುತ್ತದೆ ಅಂದರೆ ತೆಗೆದುಕೊಡಿ, ಆದರೆ "ಇದಕ್ಕೆ ದುಡ್ಡು ಬೇಡ" ಅಂತ ಬಾಯಿ ಬಿಟ್ಟು ಹೇಳಿ. ಹೇಳದೆ ಮಾಡಿದರೆ ಮುಂದಿನದೂ ಹಾಗೇ ಅಂದುಕೊಳ್ಳುತ್ತಾರೆ.

"ಪೂರ್ತಿ ಬೋಳು ಮಾಡಿಬಿಡಿ, ಎಲೆ ಗುಡಿಸಿ ಸಾಕಾಗಿದೆ" ಅನ್ನುವವರ ಜತೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕು. ಹಸಿರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಒಮ್ಮೆಗೇ ತೆಗೆದರೆ ಮರ ಸೊರಗುತ್ತದೆ. ತಲೆ ಕಡಿದ ಜಾಗದಿಂದ ಗೊಂಚಲು ಗೊಂಚಲಾಗಿ ಚಿಗುರು ಬರುತ್ತದೆ, ಅವಕ್ಕೆ ಹಿಡಿತ ಇರಲ್ಲ, ದಪ್ಪ ಆದ ಮೇಲೆ ಗಾಳಿಗೆ ಮುರಿದು ಅದೇ ಲಾನ್ ಮೇಲೇ ಬೀಳುತ್ತವೆ. ಲಾನ್‌ಗೆ ಬಿಸಿಲು ಬೇಕು ಅನ್ನುವುದಾದರೆ ಕೆಳಗಿನ ಕೆಲವು ಕೊಂಬೆ ತೆಗೆದು, ಒಳಗಿನ ಒತ್ತು ರೆಂಬೆ ಸವರಿದರೆ ಸಾಕು. ದಪ್ಪ ಕೊಂಬೆಗೆ ಮೊದಲು ಬುಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೊಟಕನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ ಹೊರಗೆ ನೀಟಾಗಿ ತೆಗೆಯಿರಿ. ಹೀಗೆ ಮಾಡಿದರೆ ತೊಗಟೆ ಸೀಳಿ ಬರಲ್ಲ, ಗಾಯ ಬೇಗ ಮುಚ್ಚುತ್ತದೆ. ಇದನ್ನು ಮಾಡಿ ತೋರಿಸಿದರೆ ತಲೆ ಕಡಿಯಿರಿ ಅನ್ನುತ್ತಿದ್ದವರೂ ಒಪ್ಪುತ್ತಾರೆ.

ಪಕ್ಕದ ಮನೆಯವರು ಗೋಡೆ ಆಚೆಯಿಂದ ಮಾತಾಡಲು ಶುರು ಮಾಡಿದರೆ ನೀವು ನ್ಯಾಯ ಹೇಳಲು ಹೋಗಬೇಡಿ. "ನಮಗೆ ಕೆಲಸ ಕೊಟ್ಟವರು ಇವರು, ನೀವಿಬ್ಬರೂ ಮಾತಾಡಿಕೊಂಡು ಹೇಳಿ" ಅಂದು ಕೆಲಸ ನಿಲ್ಲಿಸಿ.

ಇನ್ನು ಕೂಗಾಡುವವರು. ದಿಮ್ಮಿ ಜಾರಿ ಹಾಸಿಗೆ ಆಚೆ ಬಿತ್ತು, ಗುಂಡಿಯಾಯಿತು ಅಂದುಕೊಳ್ಳಿ. ಅವರು ನೋಡುವ ಮೊದಲೇ ನೀವೇ ಕರೆದು ತೋರಿಸಿ. "ಇಲ್ಲಿ ಗುಂಡಿ ಬಿದ್ದಿದೆ ಸಾರ್, ಸಂಜೆ ಹೋಗೋ ಮೊದಲು ಸರಿ ಮಾಡಿ ತೋರಿಸ್ತೀನಿ." ಆಗಲೂ ಕೂಗಿದರೆ ಕೂಗಲಿ, ನೀವು ದನಿ ತಗ್ಗಿಸಿ. ಹುಡುಗರ ಮೇಲೆ ಅವರ ಮುಂದೆ ಎಗರಾಡಬೇಡಿ, ಅದರಿಂದ ಗಿರಾಕಿ ತಣ್ಣಗಾಗುವುದಿಲ್ಲ, ಹುಡುಗನ ಕೈ ನಡುಗುತ್ತದೆ ಅಷ್ಟೇ. ಹುಡುಗರಿಗೆ ಜಾತಿ ಹಿಡಿದು, ತಾಯಿ ಹಿಡಿದು ಬೈದರೆ ಮಾತ್ರ ಎಲ್ಲ ಹಗ್ಗ ಇಳಿಸಿ, ಅರ್ಧ ಕೊಯ್ದ ಕೊಂಬೆ ಇದ್ದರೆ ಅದನ್ನು ಸುರಕ್ಷಿತವಾಗಿ ಇಳಿಸಿ, ಆದಷ್ಟು ಕೆಲಸದ ಲೆಕ್ಕ ಹೇಳಿ ಹೊರಡಿ. ದುಡ್ಡು ಹೋದರೂ ಪರವಾಗಿಲ್ಲ. ಮೂವತ್ತು ಅಡಿ ಮೇಲೆ ಪ್ರಾಣ ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ ಅಷ್ಟು ಮರ್ಯಾದೆ ಸಿಗಲೇಬೇಕು.

8. ಗುಡಿಸುವುದು, ಸರಿಪಡಿಸುವುದು

ಕಬ್ಬಿಣದ ಕುಂಟೆ ಹುಲ್ಲಿನ ಬಳ್ಳಿ ಕೀಳುತ್ತದೆ. ತೆಂಗಿನ ಕಡ್ಡಿ ಪೊರಕೆ ಹಿಡಿದು ಗುಡಿಸಿ. ಗರಗಸದ ಹೊಟ್ಟು ತೆಳುವಾಗಿ ಉಳಿದರೆ ಏನಾಗಲ್ಲ, ದಪ್ಪ ಉಳಿದರೆ ಬೆಳಕು ತಡೆದು, ಮಣ್ಣಿನ ಸಾರಜನಕ ಹೀರಿ ಹುಲ್ಲು ಹಳದಿ ಮಾಡುತ್ತದೆ. ಚೆಕ್ಕೆಗಳನ್ನು ಕೈಯಲ್ಲಿ ಆರಿಸಿ, ಮುಂದಿನ ವಾರ ಲಾನ್ ಕತ್ತರಿಸುವ ಮೆಷಿನ್‌ಗೆ ಸಿಕ್ಕಿ ಸಿಡಿಯಬಾರದು.

ಗುಂಡಿಗೆ ಮೇಲಿಂದ ಮಣ್ಣು ಸುರಿದು ಮುಚ್ಚುವುದು ಕೆಟ್ಟ ಅಭ್ಯಾಸ. ಹುಲ್ಲಿನ ಪದರವನ್ನು ಸಲಿಕೆಯಲ್ಲಿ ಎರಡು ಇಂಚು ಮಣ್ಣಿನ ಸಮೇತ ಎತ್ತಿ ಪಕ್ಕಕ್ಕಿಡಿ, ಕೆಳಗಿನ ಗಟ್ಟಿ ಮಣ್ಣನ್ನು ಸಡಿಲ ಮಾಡಿ, ಜರಡಿ ಹಿಡಿದ ಕೆಮ್ಮಣ್ಣು ಸೇರಿಸಿ ಮಟ್ಟ ಮಾಡಿ, ಹುಲ್ಲನ್ನು ವಾಪಸ್ ಕೂರಿಸಿ ಕಾಲಲ್ಲಿ ಮೆಲ್ಲಗೆ ತುಳಿಯಿರಿ. ಮಣ್ಣು ಒಂದು ಬೆರಳು ಎತ್ತರವೇ ಇರಲಿ, ನೀರು ಬಿದ್ದ ಮೇಲೆ ಇಳಿಯುತ್ತದೆ. ಹಲಗೆ ಹಾಕಿದ್ದ ದಾರಿಯಲ್ಲಿ ಸಣ್ಣ ಹಾರೆಯಿಂದ ಅಂಗೈ ಅಗಲಕ್ಕೊಂದರಂತೆ ಮೂರು ನಾಲ್ಕು ಇಂಚು ಆಳದ ತೂತು ಚುಚ್ಚಿ, ಮರಳು ಮತ್ತು ಹಳೇ ಗೊಬ್ಬರ ಬೆರೆಸಿದ ಮಣ್ಣನ್ನು ತೆಳುವಾಗಿ ಎರಚಿ, ನೀರು ಬಿಡಿ. ಕಿತ್ತುಹೋದ ತೇಪೆಗೆ ಅದೇ ಲಾನ್‌ನ ಅಂಚಿನಿಂದ ಚೂರು ಹುಲ್ಲು ತೆಗೆದು ನೆಡಿ, ಬೇರೆ ತಂದರೆ ಬಣ್ಣ ಬೇರೆ ಕಾಣುತ್ತದೆ.

9. ಒಪ್ಪಿಸುವುದು, ದುಡ್ಡು

ಬೆಳಕಿರುವಾಗಲೇ ಮನೆಯವರನ್ನು ಕರೆದು ಮತ್ತೆ ಒಂದು ಸುತ್ತು ನಡೆಯಿರಿ. ಗಾಡಿ ತುಂಬುವ ಮೊದಲು, ಸಲಿಕೆ ಪೊರಕೆ ಕೈಯಲ್ಲಿರುವಾಗಲೇ ಇದನ್ನು ಮಾಡಿ. ಅವರು ತೋರಿಸಿದ ಜಾಗವನ್ನು ಅಲ್ಲೇ ಸರಿ ಮಾಡಬಹುದು.

ಬಾಕಿ ಕೊಡುವಾಗ "ಲಾನ್ ಹಾಳಾಯ್ತಲ್ಲ, ಇಷ್ಟು ಮುರ್ಕೋತೀನಿ" ಅಂದರೆ ಮೊದಲ ದಿನದ ವಿಡಿಯೋ, ಒಪ್ಪಿಗೆಯ ಸಂದೇಶ ಎರಡನ್ನೂ ತೆಗೆದು ಒಟ್ಟಿಗೆ ನೋಡಿ. ಹೇಳಿದ್ದ ಜಾಗದ ಒಳಗೇ ಇದ್ದರೆ ಮೆಲ್ಲಗೆ, ಗಟ್ಟಿಯಾಗಿ ಪೂರ್ತಿ ದುಡ್ಡು ಕೇಳಿ. ಹೊರಗೆ ಆಗಿದ್ದರೆ ಕಡಿತಕ್ಕೆ ಒಪ್ಪುವ ಬದಲು ಸರಿಪಡಿಸಿಕೊಡುತ್ತೇನೆ ಅನ್ನಿ. ಒಂದು ಚದರ ಅಡಿ ಹುಲ್ಲಿಗೆ ಸಾವಿರಗಟ್ಟಲೆ ಮುರಿಯುವುದಕ್ಕಿಂತ ಹುಲ್ಲು ತಂದು ನೆಟ್ಟುಕೊಡುವುದು ಇಬ್ಬರಿಗೂ ನ್ಯಾಯ. ತೀರಾ ಹಟ ಹಿಡಿದರೆ, "ಹತ್ತು ದಿನ ಬಿಟ್ಟು ಬಂದು ನೋಡ್ತೀನಿ, ಆಗಲೂ ಹುಲ್ಲು ಎದ್ದಿಲ್ಲ ಅಂದ್ರೆ ಆ ಭಾಗದ ದುಡ್ಡು ಬಿಡ್ತೀನಿ, ಉಳಿದದ್ದು ಈಗ ಕೊಡಿ" ಅಂತ ಹೇಳಿ ನೋಡಿ.

ಹೊರಡುವಾಗ ನೀರಿನ ವಿಷಯ ಬರೆದುಕೊಡಿ: ಮೊದಲ ವಾರ ಬೆಳಗ್ಗೆ, ಸಂಜೆ ಸ್ವಲ್ಪ ಸ್ವಲ್ಪ, ಆಮೇಲೆ ದಿನಕ್ಕೊಮ್ಮೆ. ಎರಡು ವಾರ ಹುಲ್ಲು ಕತ್ತರಿಸುವುದು ಬೇಡ, ನೆಟ್ಟ ತೇಪೆ ಮೇಲೆ ಓಡಾಡುವುದು ಬೇಡ, ಯೂರಿಯಾ ಈಗಲೇ ಬೇಡ. ಮಾಲಿ ಇದ್ದರೆ ಅವರ ಕೈಗೇ ಕೊಡಿ. ಹತ್ತನೇ ದಿನ ನೀವೇ ಫೋನ್ ಮಾಡಿ ಒಂದು ಫೋಟೋ ಕಳಿಸಲು ಕೇಳಿ. ಹುಲ್ಲು ಎದ್ದಿದ್ದರೆ ಆ ಫೋಟೋ ಇಟ್ಟುಕೊಳ್ಳಿ, ಮುಂದಿನ ಮನೆಯವರು "ನಮ್ಮ ಲಾನ್ ಏನಾಗುತ್ತೆ?" ಅಂತ ಕೇಳಿದಾಗ ಮೊದಲ ದಿನದ ವಿಡಿಯೋ ಜತೆ ಅದನ್ನು ತೋರಿಸಬಹುದು. ಎದ್ದಿಲ್ಲ ಅಂದರೆ ಅರ್ಧ ಚೀಲ ಮಣ್ಣು, ಒಂದು ಪುಟ್ಟಿ ಹುಲ್ಲು ತಗೊಂಡು ಅದೇ ವಾರ ಹೋಗಿ ಬನ್ನಿ.